ತಂಬೂರಿಗೆ ಶಿಸ್ತು ಕಲಿಸಿದ ಚಾಕು

ಗಂಡಸಿನ ಕೋಟಿನ ಕಿಸೆಯಲ್ಲಿ ಮೂರು ವಸ್ತುಗಳು ಇರಲೇಬೇಕು: ಕರವಸ್ತ್ರ, ಗಡಿಯಾರ, ಚಾಕು. ಇದು ನನ್ನ ಬಹುಕಾಲದ ಸಿದ್ಧಾಂತ. ಮೊದಲಿನ ಎರಡು ನನ್ನ ಹತ್ತಿರ ಇದ್ದವು. ಮೂರನೆಯದು ಇರಲಿಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದಷ್ಟು ದಿನ ಆ ಕೊರತೆ ನನಗೆ ತಿಳಿಯಲಿಲ್ಲ. ಹುಡುಗರ ಕಿಸೆಗಳಿಂದ ಜಪ್ತಿ ಮಾಡಿದ ಚಾಕುಗಳು ನನ್ನ ಮೇಜಿನ ಖಾನೆಯಲ್ಲಿ ಧಾರಾಳವಾಗಿ ಬಿದ್ದಿರುತ್ತಿದ್ದವು. ಪೆನ್ಶನ್ ಆದ ಮೇಲೆ ಆ ಸರಬರಾಜು ನಿಂತುಹೋಯಿತು. ಒಂದು ಪೆನ್ಸಿಲ್ ಕೆತ್ತಬೇಕಾದರೂ ಅಡುಗೆಮನೆಗೆ ಹೋಗಿ, ಹೆಂಡತಿಯ ಈಳಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂಡುವ ಪರಿಸ್ಥಿತಿ ಬಂತು. ಜೀವಮಾನವಿಡೀ "ಅಟೆನ್ಶನ್!" ಎಂದು ಕೂಗಿದ ಮನುಷ್ಯನಿಗೆ ಇದು ಶೋಭಿಸುವ ಭಂಗಿಯಲ್ಲ!

ಹೀಗಾಗಿ ಒಂದು ದಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಇದು ಯುದ್ಧಕ್ಕೆ ಮೊದಲಿನ ಮಾತು. ವಿಲಾಯತಿ ಸಾಮಾನು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತಿದ್ದ ಕಾಲ. ಅಲ್ಲಿ ಕಬ್ಬಿಣದ ಸಾಮಾನು ಮಾರುವ ಬಸಪ್ಪ ನನಗೆ ಪರಿಚಿತ. ಅವನ ಮಗ ನನ್ನ ಕೈಯಲ್ಲಿ ಡ್ರಿಲ್ ಕಲಿತವನು. ಬಸಪ್ಪ ಗಾದಿಯ ಮೇಲೆ ಒಂದು ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಎರಡು ಚಾಕುಗಳನ್ನು ಇಟ್ಟ.

"ಮಾಸ್ತರ, ಮೊದಲ ಇದನ್ನ ನೋಡ್ರಿ. ಇದೊಂದು ಕಿಸೇದಾಗ ಇದ್ರ ಬಡಿಗ್ಯಾರೂ ಬ್ಯಾಡ, ಸಿಂಪಿಗ್ಯಾರೂ ಬ್ಯಾಡ, ಡಾಕ್ಟರೂ ಬ್ಯಾಡ!" ಎಂದು ಅದರ ಅಲಗುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ತಿಕ್ಕಿ ಸವೆಸುವ ಅರ, ಸ್ಕ್ರೂ ತಿರುಗಿಸುವ ಪಟ್ಟಿ, ಚರ್ಮ ಚುಚ್ಚುವ ದಬ್ಬಣ, ಡಬ್ಬಿಯ ಮುಚ್ಚಳ ಕೊಯ್ಯುವ ಕೊಕ್ಕೆ. ಹಿಡಿಕೆಯ ತಲೆಯಿಂದ ಒಂದು ಚಿಕ್ಕ ಚಿಮಟವನ್ನೂ ಎಳೆದು ತೋರಿಸಿದ. ಎಲ್ಲ ಬಿಚ್ಚಿದ ಮೇಲೆ ಅದನ್ನು ಎಲ್ಲಿ ಹಿಡಿಯಬೇಕೋ ನನಗೆ ತಿಳಿಯಲಿಲ್ಲ. ಬಸಪ್ಪನಿಗೂ ತಿಳಿಯಲಿಲ್ಲ.

"ಇದೇನಿದು, ಸುರುಳಿ?" ಎಂದು ಬೆನ್ನ ಮೇಲಿದ್ದ ತಿರುಚಿದ ಉಕ್ಕಿನ ಕಡ್ಡಿಯನ್ನು ತೋರಿಸಿದೆ.

"ಅದು... ಇರ್ತೈತ್ರಿ. ದೊಡ್ಡ ಚಾಕು ಅಂದ್ಮ್ಯಾಲ ಇರಬೇಕು" ಎಂದ ಬಸಪ್ಪ.

ಎರಡನೆಯದು ನಮ್ಮ ದೇಶದಲ್ಲಿಯೇ ಆದದ್ದು. ಬೀಟೆಮರದ ಹಿಡಿಕೆ, ಒಂದು ದೊಡ್ಡ ಅಲಗು, ಒಂದು ಚಿಕ್ಕ ಅಲಗು. ಅಷ್ಟೇ. ಬಿಚ್ಚಿದರೆ ಬಿಚ್ಚಿಕೊಳ್ಳುತ್ತಿತ್ತು, ಮುಚ್ಚಿದರೆ ಮುಚ್ಚಿಕೊಳ್ಳುತ್ತಿತ್ತು. ಅದರ ವಿಷಯದಲ್ಲಿ ಬಸಪ್ಪನಿಗೆ ಹೇಳಲು ಏನೂ ಇರಲಿಲ್ಲ.

ನಾನು ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿ, ಇನ್ನೊಂದನ್ನು ಎತ್ತಿ ಮೊದಲನೆಯದನ್ನು ಇಳಿಸಿ, ಬಹಳ ಹೊತ್ತು ವಿಚಾರ ಮಾಡಿದೆ. ಹಿಂದೆ ನಿಂತ ಗಿರಾಕಿಗಳು ಕೆಮ್ಮತೊಡಗಿದರು.

"ಎರಡೂ ಒಯ್ರಿ ಮಾಸ್ತರ. ಎಂಟು ದಿನ ಕಿಸೇದಾಗ ಇಟ್ಕೊಂಡು ಅಡ್ಡಾಡ್ರಿ. ಕೈಗೆ ಹೊಂದಿದ್ದು ಇಟ್ಕೋರಿ, ಹೊಂದಲಾರದ್ದು ತಂದು ಒಗೀರಿ. ನಿಮ್ಮ ಮ್ಯಾಲ ವಿಶ್ವಾಸ ಇಲ್ಲೇನ್ರಿ ನನಗ?"

ಪಾಪ, ವಿಶ್ವಾಸವಿತ್ತು.

ಮನೆಗೆ ಬಂದವನೇ ಉಭಯ ಚಾಕುಗಳ ಪರೀಕ್ಷೆಗೆ ಒಂದು ಕ್ರಮ ಹಾಕಿದೆ. ಸೋಮವಾರ, ಬುಧವಾರ, ಶುಕ್ರವಾರ ವಿಲಾಯತಿ ಚಾಕು. ಮಂಗಳವಾರ, ಗುರುವಾರ, ಶನಿವಾರ ದೇಶೀ ಚಾಕು. ರವಿವಾರ ತೀರ್ಪು. ಇಬ್ಬರಿಗೂ ಸಮಾನ ಅವಕಾಶ, ಯಾರ ಮೇಲೂ ಪಕ್ಷಪಾತವಿಲ್ಲ. ನನ್ನ ಹೆಂಡತಿ ಗಂಗಾಬಾಯಿ ಇದನ್ನೆಲ್ಲ ಕೇಳಿ, "ಮುನ್ಸೀಪರ ಕೋರ್ಟಿನ್ಯಾಗ ಇಷ್ಟು ನ್ಯಾಯ ಇದ್ದಿದ್ರ ನಮ್ಮಪ್ಪನ ಹೊಲಾ ಹೋಗ್ತಿದ್ದಿಲ್ಲ" ಎಂದಳು.

ಸೋಮವಾರ ಬೆಳಿಗ್ಗೆ ವಿಲಾಯತಿ ಚಾಕುವನ್ನು ಕಿಸೆಯಲ್ಲಿ ಇಳಿಸಿ ವಾಯುವಿಹಾರಕ್ಕೆ ಹೊರಟೆ. ಅದರ ಭಾರಕ್ಕೆ ಕೋಟು ಬಲಗಡೆ ಜಗ್ಗಿತು. ಕೋಟಿನ ಜೊತೆಗೆ ನಾನೂ ಜಗ್ಗಿದೆ. ಪಕ್ಕದ ಮನೆಯ ಗೋವಿಂದರಾಯರು, ವಕೀಲರ ಹತ್ತಿರ ಕಾರಕೂನರಾಗಿದ್ದವರು, ಕಟ್ಟೆಯ ಮೇಲಿಂದ ಕೂಗಿದರು.

"ಮಾಸ್ತರ, ಯಾಕ ಒಂದ ಕಡೆ ವಾಲಿ ನಡೀಲಿಕ್ಕತ್ತೀರಿ? ಟೊಂಕಾ ಹಿಡದದೇನು?"

ನಾನು ಕಟ್ಟೆ ಹತ್ತಿ ಕೂತು ಚಾಕುವನ್ನು ಹೊರತೆಗೆದು ಎಲ್ಲ ಅಲಗುಗಳನ್ನೂ ತೋರಿಸಿದೆ. ಸುರುಳಿಯ ಹತ್ತಿರ ಬಂದಾಗ, ಇದರ ಉಪಯೋಗ ಯಾರಿಗೂ ಗೊತ್ತಿಲ್ಲ ಎಂದೆ.

"ಅದು ಬಾಟ್ಲಿ ಬೂಚು ತಗೀಲಿಕ್ಕೆ" ಎಂದು ಗೋವಿಂದರಾಯರು ತಟ್ಟನೆ ಹೇಳಿಬಿಟ್ಟರು.

"ಯಾವ ಬಾಟ್ಲಿ?" ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

ಗೋವಿಂದರಾಯರು ಬಾಗಿಲ ಕಡೆ ನೋಡಿದರು. ಆಕಾಶದ ಕಡೆ ನೋಡಿದರು. "ಔಷಧದ್ದು" ಎಂದರು. ಆಮೇಲೆ ವಾರವಿಡೀ ನನ್ನ ಜೊತೆ ಮಾತಾಡಲಿಲ್ಲ.

ದೇಶೀ ಚಾಕುವಿನ ದಿನ ಇಷ್ಟು ಗದ್ದಲವಿಲ್ಲದೆ ಕಳೆಯಿತು. ಮಂಗಳವಾರ ಅದು ಒಂದು ಪೆನ್ಸಿಲ್ ಕೆತ್ತಿತು, ಒಂದು ನಿಂಬೆಹಣ್ಣು ಹೋಳು ಮಾಡಿತು, ಅಷ್ಟರಲ್ಲಿ ಅದರ ಕೆಲಸ ಮುಗಿಯಿತು. ಕಿಸೆಯಲ್ಲಿ ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಬೇಕಾಗುತ್ತಿತ್ತು. ಇಂಥ ಚಾಕುವಿಗೆ ಮಹತ್ವಾಕಾಂಕ್ಷೆ ಇಲ್ಲ ಎಂದು ನಾನು ಅಭಿಪ್ರಾಯಪಟ್ಟೆ.

ಬುಧವಾರ ಅಡುಗೆಮನೆಯಲ್ಲಿ ಹೆಂಡತಿ ಒಂದು ಡಬ್ಬಿಯ ಮುಚ್ಚಳದೊಂದಿಗೆ ಒದ್ದಾಡುತ್ತಿದ್ದಳು. ಸುಸಂಧಿ! ವಿಲಾಯತಿ ಚಾಕುವಿನ ಕೊಕ್ಕೆ ಬಿಚ್ಚಿಕೊಂಡು ಒಳಗೆ ಧಾವಿಸಿದೆ. ಒಲೆಯ ಮುಂದೆ ಕೂತಿದ್ದ ಅವಳು ನನ್ನ ಕೈ ನೋಡಿದಳು.

"ಅದರ ಹಿಡಿಕಿ ಯಾತರದು?"

"ಕೋಡಿಂದೋ... ಎಲುಬಿಂದೋ ಇರಬೇಕು. ವಿಲಾಯತಿ ಮಾಲು."

"ಎಲುಬು! ಮಡೀಲಿ ಅಡಗಿ ಮಾಡ್ಲಿಕ್ಕತ್ತೇನಿ, ಎಲುಬು ಹಿಡಕೊಂಡು ಒಲೀತನಕಾ ಬಂದೀರಿ! ನಡೀರಿ ಹೊರಗ, ಇಬ್ಬರೂ!"

ಇಬ್ಬರೂ ಎಂದರೆ ನಾನು ಮತ್ತು ಚಾಕು. ಆ ದಿನದ ಸಾರು, ಪಲ್ಯ ಎಲ್ಲ ಹಿತ್ತಲಿಗೆ ಹೋಯಿತು. ಹೆಂಡತಿ ತಿರುಗಿ ಸ್ನಾನ ಮಾಡಿ ತಿರುಗಿ ಅಡುಗೆ ಮಾಡಿದಳು. ನಮಗೆ ಊಟ ಸಿಕ್ಕದ್ದು ಚಹಾದ ಹೊತ್ತಿಗೆ. ದೇಶೀ ಚಾಕುವಿನ ಮರದ ಹಿಡಿಕೆಯನ್ನು ಮಾತ್ರ ಅವಳು ತಿರುವಿ ಮುರುವಿ ನೋಡಿ, ತೊಳೆದು, ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು. "ನಿಂಬೀಹಣ್ಣು ಹೆಚ್ಚಲಿಕ್ಕೆ ಛಲೋ ಅದ" ಎಂದಳು. ನನ್ನ ಪರೀಕ್ಷಾಕ್ರಮದ ಅರ್ಧಭಾಗ ಹೀಗೆ ಜಪ್ತಿಯಾಯಿತು.

ಉಳಿದದ್ದು ವಿಲಾಯತಿ ಚಾಕು. ಅದಕ್ಕೆ ಉಳಿದದ್ದು ಪಡಸಾಲೆ. ಇಲ್ಲಿ ಒಂದು ಮಾತು ಹೇಳಬೇಕು. ಎರಡೇ ಅಲಗಿನ ಚಾಕು ಕೆಲಸ ಬರುವ ತನಕ ಕಾಯುತ್ತದೆ. ಹತ್ತು ಅಲಗಿನ ಚಾಕು ಕಾಯುವುದಿಲ್ಲ. ಅದು ಕಿಸೆಯಲ್ಲಿದ್ದರೆ ಮನೆಯಲ್ಲಿ ಹತ್ತು ದೋಷಗಳು ಕಾಣತೊಡಗುತ್ತವೆ. ನಿನ್ನೆಯವರೆಗೆ ನೆಟ್ಟಗೆ ನಿಂತಿದ್ದ ಕುರ್ಚಿ ಇಂದು ಅಲುಗಾಡಿದಂತೆ ತೋರುತ್ತದೆ. ನಾನು ಕುರ್ಚಿಯ ಸ್ಕ್ರೂಗಳನ್ನು ಬಿಗಿ ಮಾಡಿದೆ. ಅದರ ಬೆನ್ನು ಸೀಳಿತು. ಕೊಡೆಯ ಒಂದು ಕಡ್ಡಿಯನ್ನು ಸರಿ ಮಾಡಿದೆ. ಬಿಚ್ಚಿದ ಕೊಡೆ ಆಮೇಲೆ ಮುಚ್ಚಲಿಲ್ಲ. ಪಡಸಾಲೆಯ ಮೂಲೆಯಲ್ಲಿ ದೊಡ್ಡ ಕರಿಯ ಹೂವಿನಂತೆ ಅರಳಿ ಕೂತಿತು. ಇಷ್ಟಾದರೂ ನನ್ನ ಧೈರ್ಯ ಕುಗ್ಗಲಿಲ್ಲ. ದೋಷ ಕುರ್ಚಿಯದು, ಕೊಡೆಯದು. ಚಾಕುವಿನದಲ್ಲ, ನನ್ನದಂತೂ ಅಲ್ಲವೇ ಅಲ್ಲ!

ಆ ಪಡಸಾಲೆಯಲ್ಲಿಯೇ ತಂಬೂರಿ ಇತ್ತು.

ನಮ್ಮ ಕೊನೆಯ ಮಗಳು ವತ್ಸಲಾ ಹುಬ್ಬಳ್ಳಿಯ ಕಮರಿಪೇಟೆಯ ವಿರೂಪಾಕ್ಷಬುವಾ ಅವರ ಹತ್ತಿರ ಹಾಡುವುದನ್ನು ಕಲಿಯುತ್ತಿದ್ದಳು. ಬುವಾ ವಾರಕ್ಕೊಮ್ಮೆ ಧಾರವಾಡಕ್ಕೆ ಬಂದು ಪಾಠ ಹೇಳುತ್ತಿದ್ದರು. ಆ ವರ್ಷ ಅವರ ಗುರುಗಳ ಪುಣ್ಯತಿಥಿಯ ದಿನ ತಮ್ಮ ಮನೆಯಲ್ಲಿ ನಡೆಯುವ ಹಾಡಿನ ಬೈಠಕ್ಕಿನಲ್ಲಿ ವತ್ಸಲಾ ಮೊದಲು ಹಾಡಬೇಕೆಂದು ಅವರು ಹೇಳಿದ್ದರು. "ಹಿರಿಯರು ನಾಕ ಮಂದಿ ಕೇಳಲಿ. ಅವರು ಹೂಂ ಅಂದ್ರ ಮುಂದಿನ ಪಾಠಾ. ಇಲ್ಲಂದ್ರ ಭಜನಿ ಪದಾ ಹಾಡ್ಕೋತ ಮನ್ಯಾಗ ಕೂಡ್ಲಿ" ಎಂದು ಅವರ ಮಾತು. ಹಾರ್ಮೋನಿಯಮ್ ಮೇಲೆ ಕಲಿತ ಹುಡುಗಿಗೆ ತಂಬೂರಿಯ ರೂಢಿ ಆಗಲಿ ಎಂದು ಕೆಲವು ದಿನಗಳ ಹಿಂದೆ ತಮ್ಮ ತಂಬೂರಿಯನ್ನೇ ನಮ್ಮ ಮನೆಯಲ್ಲಿ ಇಟ್ಟು ಹೋಗಿದ್ದರು. ಅದು ಅವರ ಗುರುಗಳ ಕೈಯದು. ಬೈಠಕ್ಕಿನ ದಿನ ಅದನ್ನು ಗುರುಗಳ ಪಟದ ಮುಂದಿಟ್ಟು, ಅದರ ಮೇಲೆಯೇ ವತ್ಸಲಾ ಹಾಡಬೇಕು. ಬೈಠಕ್ ಇದ್ದದ್ದು ರವಿವಾರ. ನನ್ನ ತೀರ್ಪಿನ ದಿನ!

ಈ ತಂಬೂರಿ ಮನೆಗೆ ಬಂದಂದಿನಿಂದ ನನಗೆ ಒಂದು ಸಂಶಯ ಇತ್ತು. ತಂತಿ ಮೀಟಿದರೆ ಅದು ಸ್ವಚ್ಛವಾಗಿ ನುಡಿಯುತ್ತಿರಲಿಲ್ಲ. ಝೇಂ ಎಂದು ಕಂಪಿಸುತ್ತಿತ್ತು. ಶಾಲೆಯ ಬ್ಯಾಂಡಿನಲ್ಲಿ ಡೋಲು ಹೀಗೆ ಝೇಂಕರಿಸಿದರೆ ಎಲ್ಲಿಯೋ ಏನೋ ಸಡಿಲಾಗಿದೆ ಎಂದು ಅರ್ಥ. ದೊಡ್ಡವರ ವಸ್ತು, ಹೇಗೆ ಹೇಳುವುದು ಎಂದು ಸುಮ್ಮನಿದ್ದೆ.

ಶುಕ್ರವಾರ ಮಧ್ಯಾಹ್ನ ತಾಯಿ ಮಗಳು ಅರಿಷಿಣ ಕುಂಕುಮಕ್ಕೆ ಹೋದರು. ಶುಕ್ರವಾರ ವಿಲಾಯತಿ ಚಾಕುವಿನ ಸರದಿ. ಮನೆಯಲ್ಲಿ ನಾನು, ಚಾಕು, ತಂಬೂರಿ. ಮಗಳ ಮೊದಲ ಬೈಠಕ್; ಅವಳ ತಂದೆಯಾಗಿ ನನ್ನದೂ ಒಂದು ಸೇವೆ ಇರಲಿ ಎಂದು ತಂಬೂರಿಯನ್ನು ಚಾಪೆಯ ಮೇಲೆ ಮಲಗಿಸಿ ತಪಾಸಣೆಗೆ ತೊಡಗಿದೆ.

ನೋಡುತ್ತ ನೋಡುತ್ತ ನನ್ನ ಮನಸ್ಸು ಕುದಿಯಿತು. ಇಷ್ಟು ದೊಡ್ಡ ಹೆಸರಿನ ವಾದ್ಯ, ಇಷ್ಟು ಅಶಿಸ್ತು! ತಂತಿಗಳು ಹಾದುಹೋಗುವ ಕರಿಮರದ ಸಣ್ಣ ಮಣೆಯ ಮೇಲೆ, ಒಂದೊಂದು ತಂತಿಯ ಕೆಳಗೂ ಒಂದೊಂದು ದಾರದ ಎಳೆ ಸಿಕ್ಕಿಕೊಂಡಿತ್ತು. ಮೇಲೆ ಹೊದಿಸುವ ಗವಸಣಿಗೆಯ ನೂಲು ಬಿಚ್ಚಿ ಸಿಕ್ಕಿರಬೇಕು ಎಂದುಕೊಂಡೆ. ಚಿಮಟದಿಂದ ಒಂದೊಂದಾಗಿ ಎಳೆದು ಹಾಕಿದೆ. ಮಣೆಯ ಆಚೆ ತಂತಿಗಳಲ್ಲಿ ಪೋಣಿಸಿದ ಮಣಿಗಳು ಇದ್ದವು. ಒಂದು ಮೇಲೆ, ಒಂದು ಕೆಳಗೆ, ಒಂದು ನಡುವೆ, ಸಾಲೇ ಇಲ್ಲ. ದಬ್ಬಣದಿಂದ ಸರಿಸಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಇನ್ನು ಮೇಲ್ಗಡೆಯ ಬಿರಡೆಗಳು. ತಂತಿ ಸುತ್ತುವ ಆ ಮರದ ಗುಬ್ಬಿಗಳಲ್ಲಿ ಒಂದು ಅಡ್ಡ, ಒಂದು ಓರೆ, ಒಂದು ಇನ್ನೊಂದರ ಕಡೆ ಬೆನ್ನು ತಿರುಗಿಸಿ ನಿಂತಿತ್ತು. ಇದನ್ನಂತೂ ನೋಡಿ ಸುಮ್ಮನಿರಲು ಆಗಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ ತಿರುಗಿಸತೊಡಗಿದೆ.

ಟಣ್!

ಒಂದು ತಂತಿ ತುಂಡಾಗಿ ನನ್ನ ಕಿವಿಯ ಹತ್ತಿರ ಹಾದುಹೋಯಿತು. ವಿವೇಕಿಯಾದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ವಿವೇಕವನ್ನು ಬೇರೆ ರೀತಿಯಲ್ಲಿ ಉಪಯೋಗಿಸಿದೆ. ಉಳಿದವೂ ಹರಿಯಬಾರದೆಂದು ಅವುಗಳನ್ನು ಸಡಿಲ ಮಾಡಿದೆ. ತುಂಡಾದ ತಂತಿಗೆ ಸ್ಕೌಟಿನ ಹುಡುಗರಿಗೆ ಕಲಿಸುತ್ತಿದ್ದ ಅತ್ಯಂತ ಭದ್ರವಾದ ಗಂಟು ಹಾಕಿದೆ. ತಂತಿಗಳು ಸಡಿಲಾದಾಗಲೇ ಆ ಮಣೆ ನನಗೆ ಪೂರ್ತಿ ಕಂಡದ್ದು. ಅದರ ಮೇಲ್ಮೈ ಸಪಾಟಾಗಿ ಇರಲಿಲ್ಲ! ನಡುವೆ ಸಣ್ಣಗೆ ಉಬ್ಬಿ, ಅಂಚಿಗೆ ಇಳಿಜಾರಾಗಿತ್ತು. ಇಷ್ಟು ವರ್ಷ ತಂತಿ ತಿಕ್ಕಿ ತಿಕ್ಕಿ ಸವೆದುಹೋಗಿದೆ, ಪಾಪ! ಝೇಂಕಾರದ ಮೂಲ ಸಿಕ್ಕಿತು! ನನಗಾದ ಆನಂದ ಹೇಳತೀರದು. ಅರವನ್ನು ಬಿಚ್ಚಿದೆ. ಉಬ್ಬನ್ನು ನಿಧಾನವಾಗಿ, ಪ್ರೀತಿಯಿಂದ, ತಿಕ್ಕಿ ಸಪಾಟು ಮಾಡಿದೆ. ಬೆರಳಾಡಿಸಿ ನೋಡಿದೆ, ಕನ್ನಡಿಯಂತೆ ಇತ್ತು. ಕರಿಯ ಪುಡಿಯನ್ನು ಊದಿ, ತಂತಿಗಳನ್ನು ತಿರುಗಿ ಬಿಗಿದು, ತಂಬೂರಿಯನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಬಿರಡೆ ಸಾಲು, ಮಣಿ ಸಾಲು, ಮಣೆ ಸಪಾಟು. ಆ ಕ್ಷಣಕ್ಕೆ ಇನ್ಸ್ಪೆಕ್ಷನ್ ಬಂದಿದ್ದರೆ ನೂರಕ್ಕೆ ನೂರು!

ಸಂಜೆಗೆ ವತ್ಸಲಾ ಬಂದಳು. ಕೈಕಾಲು ತೊಳೆದು, ತಂಬೂರಿಗೆ ನಮಸ್ಕಾರ ಮಾಡಿ, ಬಗಲಲ್ಲಿ ಇಟ್ಟುಕೊಂಡು ಕೂತಳು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಪ್ರಶಂಸೆಗಾಗಿ ಕಾದೆ. ಅವಳು ಮೀಟಿದಳು.

ಟಪ್. ಟಪ್. ಟಪ್. ಟಪ್.

ಹುಣಸೆಬೀಜ ಹಲಗೆಯ ಮೇಲೆ ಬಿದ್ದಂತೆ. ಝೇಂಕಾರ ಹೋಗಿತ್ತು. ನಾನು ಬಯಸಿದ್ದೂ ಅದನ್ನೇ. ಆದರೆ ಅದರ ಜೊತೆಗೆ ಉಳಿದದ್ದೂ ಹೋಗಿತ್ತು. ಅವಳು ಇನ್ನೊಮ್ಮೆ ಮೀಟಿದಳು. ತಂತಿಯ ಕೆಳಗೆ ಬೆರಳಿಟ್ಟು ನೋಡಿದಳು. ಮಣೆಯನ್ನು ಸವರಿದಳು. ಆಮೇಲೆ ನನ್ನ ಪತ್ರಿಕೆಯ ಕಡೆ ನೋಡಿದಳು.

"ಅಪ್ಪಾ, ದಾರ ಎಲ್ಲೆ ಹೋದುವು?"

"ಕಸ ಇತ್ತು. ತಗದು ಒಗದೆ."

"ಮಣಿ?"

"ಸಾಲಿಗೆ ಹಚ್ಚೀನಿ."

ಅವಳು ತಂಬೂರಿಯನ್ನು ಮಲಗಿಸಿ, ಎದ್ದು ಹಿತ್ತಲಿಗೆ ಹೋದಳು. ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ, ಸಿಟ್ಟು ಮಾಡಿದ್ದರೆ ಗದರಿಸುತ್ತಿದ್ದೆ. ಎರಡಕ್ಕೂ ಅವಕಾಶ ಕೊಡಲಿಲ್ಲ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ರೀ, ಅದು ಕೆಟ್ಟದ ಅಂತ ನಿಮಗ ಹೇಳಿದವರ್ಯಾರು?"

"ಝೇಂ ಅಂತಿತ್ತು."

"ಅದು ಝೇಂ ಅನ್ನಬೇಕು! ಝೇಂ ಅನ್ನಲಿ ಅಂತನ ಅದನ್ನ ಮಾಡ್ಯಾರ! ಕೊಡಾ ಸೋರಬಾರದು, ತಂಬೂರಿ ಝೇಂ ಅನ್ನಬೇಕು. ಇಷ್ಟು ಗೊತ್ತಿಲ್ಲೇನು ನಿಮಗ?"

ಗೊತ್ತಿರಲಿಲ್ಲ. ವತ್ಸಲಾ ಶನಿವಾರವೆಲ್ಲ ಕೂತು ತಂತಿಗಳ ಕೆಳಗೆ ಹೊಸ ದಾರ ಸಿಕ್ಕಿಸಿದಳು, ಮಣಿಗಳನ್ನು ಮೇಲೆ ಕೆಳಗೆ ಸರಿಸಿದಳು, ನನ್ನ ಗಂಟನ್ನು ಬಿಚ್ಚಿ ಹೊಸ ತಂತಿ ಕಟ್ಟಿದಳು. ಆ ಗಂಟು ಬಿಚ್ಚಲು ಮಾತ್ರ ಬಹಳ ಹೊತ್ತು ಹಿಡಿಯಿತು. ಅದು ನಿಜವಾಗಿ ಭದ್ರವಾದ ಗಂಟು. ಆದರೆ ತಿಕ್ಕಿ ತೆಗೆದ ಮರವನ್ನು ತಿರುಗಿ ಯಾರು ಬೆಳೆಸಬೇಕು? ತಂಬೂರಿ ಟಪ್ ಎನ್ನುತ್ತಲೇ ಇತ್ತು.

ರವಿವಾರ ಬೆಳಿಗ್ಗೆ ಮೂವರೂ ಹುಬ್ಬಳ್ಳಿಯ ರೈಲು ಹತ್ತಿದೆವು. ತಂಬೂರಿಯನ್ನು ಕೌದಿಯಲ್ಲಿ ಸುತ್ತಿ, ನನ್ನ ತೊಡೆಯ ಮೇಲೆ ತಲೆ ಬರುವಂತೆ ಬಾಕಿನ ಮೇಲೆ ಮಲಗಿಸಿದ್ದೆ. ಎದುರಿಗೆ ಕೂತ ರೈತನೊಬ್ಬ ಕನಿಕರದಿಂದ ಕೇಳಿದ.

"ಯಾರಿಗೆ ಆರಾಮ ಇಲ್ರೀ?"

"ಇವರಿಗೆ" ಎಂದು ನನ್ನ ಹೆಂಡತಿ ನನ್ನನ್ನು ತೋರಿಸಿದಳು.

ಸ್ಟೇಷನ್ನಿನಿಂದ ಹೋಗುವಾಗ ಬಸಪ್ಪನ ಅಂಗಡಿ ದಾರಿಯಲ್ಲಿಯೇ. ವಿಲಾಯತಿ ಚಾಕುವನ್ನು ಅವನ ಗಾದಿಯ ಮೇಲೆ ಇಟ್ಟೆ.

"ಯಾಕ್ರೀ ಮಾಸ್ತರ? ಚಾಕು ಛಲೋ ಇಲ್ಲೇನ್ರಿ?"

"ಚಾಕು ಛಲೋ ಅದ ಬಸಪ್ಪಾ. ಗಿರಾಕಿ ಛಲೋ ಇಲ್ಲ."

"ಮತ್ತ ಅದು ಸಣ್ಣದು?"

"ಅದನ್ನ ನಾವು ಇಟ್ಕೊಂಡೀವಿ" ಎಂದು ಹೆಂಡತಿ ಹಿಂದಿನಿಂದ ಹೇಳಿದಳು. ಎಂಟು ದಿನಗಳ ಪರೀಕ್ಷೆಯ ತೀರ್ಪು ಇಷ್ಟು ಬೇಗ ಮುಗಿಯಿತು. ನ್ಯಾಯಾಧೀಶರನ್ನು ಯಾರೂ ಕೇಳಲಿಲ್ಲ.

ಕಮರಿಪೇಟೆಯ ಮನೆಯಲ್ಲಿ ಜಮಖಾನೆ ಹಾಸಿತ್ತು. ಗುರುಗಳ ಪಟಕ್ಕೆ ಹೂವು ಏರಿಸಿತ್ತು. ಜನ ಇನ್ನೂ ಬಂದಿರಲಿಲ್ಲ. ಬುವಾ ಕೌದಿ ಬಿಚ್ಚಿ, ಒಂದೇ ಒಂದು ತಂತಿಯನ್ನು ಮೀಟಿ, ಕೈ ತೆಗೆದರು. ಮಣೆಯ ಮೇಲೆ ಉಗುರು ಆಡಿಸಿದರು.

"ಯಾರ ಕೆಲಸಾ ಇದು?"

ವತ್ಸಲಾ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದು ನೆಟ್ಟಗೆ ನಿಂತೆ. "ನಂದ್ರಿ. ಹುಡುಗೀದು ಏನೂ ತಪ್ಪಿಲ್ಲ. ತಂತಿ ಕೆಳಗಿನ ಕರಿಮರ ಉಬ್ಬಿತ್ತು, ಸಪಾಟ ಮಾಡಿದೆ."

ಬುವಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ದನಿ ಏರಿಸಲಿಲ್ಲ.

"ಮಾಸ್ತರ, ನಿಮ್ಮ ಸಾಲ್ಯಾಗ ಹುಡುಗರೆಲ್ಲಾ ಒಂದ ಎತ್ತರ ಇರ್ತಿದ್ರೇನ್ರಿ?"

"ಇಲ್ರಿ."

"ಮತ್ತ ಅವರಿಗೂ ಅರಾ ಹಚ್ಚತಿದ್ರೇನು?"

ನಿಜ ಹೇಳಬೇಕೆಂದರೆ, ಅರ ಹಚ್ಚಲಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗೆ ಆಗಲಿಲ್ಲ. ಸಾಲಿನಿಂದ ಒಂದು ಗೇಣು ಹೊರಗೆ ನಿಂತ ಎಷ್ಟೋ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು. ಅವರೆಲ್ಲ ಒಳಗೆ ಬಂದು ನಿಂತರು, ಸಾಲು ಸುಂದರವಾಯಿತು. ಆ ಸಾಲಿನಿಂದ ಯಾವ ನಾದ ಹೋಯಿತೋ ಯಾರು ಕೇಳಿದ್ದರು?

"ಆ ಉಬ್ಬಿಗೆ ಜವಾರಿ ಅಂತೀವಿ" ಎಂದರು ಬುವಾ. "ತಂಬೂರಿ ಜೀವಾ ಅಲ್ಲೇ ಇರ್ತೈತಿ. ಆತು, ಮಿರಜಿಗೆ, ವಾದ್ಯಾ ಮಾಡೋರ ಕಡೆ ಕಳಸೋಣು. ಇದರ ಜೋಡಿ ತಂಬೂರೀನೂ ಅಲ್ಲೇ ಹೋಗೈತಿ, ಒಂದಕ್ಕೊಂದು ಜತಿ ಆಗ್ತಾವ." ಮಗಳ ಕಡೆ ತಿರುಗಿದರು. "ತಂಗೀ, ಇವತ್ತ ಹಾಡ್ತೀಯೋ, ಮುಂದಿನ ವರ್ಷಾ ನೋಡೋಣೋ?"

ವತ್ಸಲಾ ನನ್ನ ಕಡೆ ನೋಡಲಿಲ್ಲ. "ಹಾಡ್ತೇನ್ರಿ."

ಭಜನೆಯ ಮನೆಯೊಂದರಿಂದ ಶ್ರುತಿಪೆಟ್ಟಿಗೆ ಬಂತು. ಕೈಯಿಂದ ತಿದಿ ಒತ್ತುತ್ತಿದ್ದರೆ ಒಂದೇ ಸ್ವರ ಹಿಡಿದು ನುಡಿಯುವ ಸಾದಾ ಪೆಟ್ಟಿಗೆ. ಬುವಾ ಅದನ್ನು ಎತ್ತಿ ನನ್ನ ಮುಂದೆ ಇಟ್ಟರು.

"ನೀವ ಒತ್ತರಿ. ಒಂದ ಸಮ ಒತ್ತತಿರ್ರಿ, ಅದು ನಿಮಗ ಬರ್ತೈತಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಶಿಕ್ಷೆಯೋ ಕ್ಷಮೆಯೋ ತಿಳಿಯಲಿಲ್ಲ. ಮಗಳ ಹಿಂದೆ, ತಂಬೂರಿ ಇರಬೇಕಾದ ಜಾಗದಲ್ಲಿ, ನಾನು ಕೂತೆ. ಜನ ತುಂಬಿದರು. ಮುಂದಿನ ಸಾಲಿನಲ್ಲಿ ದೊಡ್ಡ ರುಮಾಲಿನ ಹಿರಿಯರು ಬಂದು ಕೂತರು. ಹೂಂ ಎನ್ನಬೇಕಾದವರು ಅವರೇ. ನಾನು ಮನಸ್ಸಿನಲ್ಲಿಯೇ ಎಡ, ಬಲ, ಎಡ, ಬಲ ಎನ್ನುತ್ತ ಒತ್ತತೊಡಗಿದೆ. ಪೆಟ್ಟಿಗೆ ಅಳುಕಿಲ್ಲದೆ ನುಡಿಯಿತು. ವತ್ಸಲಾ ಎತ್ತಿಕೊಂಡಳು. ಯಾವುದೋ ಮಧ್ಯಾಹ್ನದ ರಾಗ. ಹೆಸರು ಹೇಳಿದ್ದಳು, ಮರೆತೆ.

ಮನೆಯಲ್ಲಿ ಅವಳ ಅಭ್ಯಾಸದ ವೇಳೆಯನ್ನು ಗೊತ್ತು ಮಾಡಿದವನು ನಾನೇ. ಎಷ್ಟು ಹೊತ್ತಿಗೆ ಕೂಡುತ್ತಾಳೆ, ಎಷ್ಟು ಹೊತ್ತಿಗೆ ಏಳುತ್ತಾಳೆ, ಎಲ್ಲ ನನಗೆ ಗೊತ್ತಿತ್ತು. ಏನು ಹಾಡುತ್ತಾಳೆ ಎಂದು ಕೇಳಿದ್ದು ಅಂದೇ ಮೊದಲು. ದನಿ ಕೆಳಗಿನಿಂದ ನಿಧಾನವಾಗಿ ಏರಿತು. ಒಂದು ಸ್ವರದ ಹತ್ತಿರ ಬಂದು, ಮುಟ್ಟದೆ, ಪಕ್ಕಕ್ಕೆ ಸರಿದು, ಒಂದಿಷ್ಟು ಓರೆಯಾಗಿ ಬಂದು ಮುಟ್ಟಿತು. ನೆಟ್ಟಗೆ ಹೋಗಿದ್ದರೆ ಅಷ್ಟು ಚಂದ ಆಗುತ್ತಿರಲಿಲ್ಲ ಎಂದು ನನ್ನಂಥವನಿಗೂ ತಿಳಿಯಿತು. ಇವಳು ನಮ್ಮ ಮನೆಯಲ್ಲಿ ಇದ್ದುಕೊಂಡು ಇದನ್ನೆಲ್ಲ ಯಾವಾಗ ಕಲಿತಳು?

ಅವಳ ದನಿಯ ಹೊರತು ಸಭೆ ಬಹಳ ನಿಶ್ಶಬ್ದವಾಗಿದೆ ಎಂದು ಅನಿಸಿತು. ವಿಪರೀತ ನಿಶ್ಶಬ್ದ. ಕೆಳಗೆ ನೋಡಿದರೆ ನನ್ನ ಕೈ ನಿಂತಿತ್ತು! ಪೆಟ್ಟಿಗೆ ಉಸಿರು ಬಿಟ್ಟು ಸುಮ್ಮನಾಗಿತ್ತು!

ಹೆಂಡತಿ ಹೆಂಗಸರ ಸಾಲಿನಿಂದ ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ನಾನು ಗಾಬರಿಯಿಂದ ತಿದಿಗೆ ಕೈ ಹಾಕಿದೆ. ಬುವಾ ಬೆರಳೆತ್ತಿ ತಡೆದರು. ವತ್ಸಲಾ ಹಾಡುತ್ತಲೇ ಇದ್ದಳು. ಆಧಾರದ ಸ್ವರ ಇಲ್ಲದೆ, ಒಬ್ಬಳೇ, ಮೇಲಕ್ಕೆ ಹೋಗಿ, ಅಲ್ಲಿ ನಿಂತು, ಅವಸರವಿಲ್ಲದೆ ಕೆಳಗೆ ಇಳಿದಳು. ಅವಳು ಷಡ್ಜಕ್ಕೆ ಬರುವ ಹೊತ್ತಿಗೆ ಬುವಾ ನನ್ನ ಕಡೆ ತಲೆಯಾಡಿಸಿದರು. ಒತ್ತಿದೆ. ಪೆಟ್ಟಿಗೆಯ ಸ್ವರವೂ ಅವಳ ಸ್ವರವೂ ಕದದ ಚಿಲಕ ಕೂತಂತೆ ಕೂತವು.

ಮುಂದಿನ ಸಾಲಿನ ರುಮಾಲುಗಳೆಲ್ಲ ಒಮ್ಮೆಲೇ ಅಲುಗಿದವು. ಹಿರಿಯರೊಬ್ಬರು ತೊಡೆ ತಟ್ಟಿದರು. "ವಾಹ್ ಬುವಾ! ಶ್ರುತಿ ನಿಂದರಿಸಿ ಪರೀಕ್ಷಾ ಮಾಡಿದ್ರಿ! ಎಂಥಾ ಯುಕ್ತಿ!"

"ಯುಕ್ತಿ ನಂದಲ್ರಿ, ಮಾಸ್ತರದು" ಎಂದರು ಬುವಾ, ಮುಖದ ಒಂದು ಗೆರೆಯೂ ಅಲುಗದಂತೆ.

ಸಭೆಯೆಲ್ಲ ನನ್ನ ಕಡೆ ಗೌರವದಿಂದ ನೋಡಿತು. ನಾನು ಕೋಟಿನ ಗುಂಡಿ ಸರಿಮಾಡಿಕೊಂಡೆ. ಮುಗಿದ ಮೇಲೆ ಬುವಾ ವತ್ಸಲಾಳ ತಲೆ ಮುಟ್ಟಿ, "ಈ ವಾರನೂ ಬರ್ತೇನಿ. ತಂಬೂರಿ ಬರೋತನಕಾ ಪೆಟ್ಟಿಗಿ ಮ್ಯಾಲ ಪಾಠಾ ನಡೀಲಿ" ಎಂದರು. ಅವಳು ಎರಡು ದಿನಗಳ ನಂತರ ಮೊದಲ ಸಲ ನಕ್ಕದ್ದು ಆಗ.

ರೈಲಿನಲ್ಲಿ ನಾನು ಕಿಡಕಿಯ ಪಕ್ಕದಲ್ಲಿ ತುಸು ಠೀವಿಯಿಂದಲೇ ಕೂತಿದ್ದೆ. ವತ್ಸಲಾ ಮೆಲ್ಲಗೆ ಕೇಳಿದಳು.

"ಅಪ್ಪಾ, ನಡುವ ನಿದ್ದಿ ಬಂದಿತ್ತೇನ್ರಿ?"

"ನಿದ್ದಿ ಅಲ್ಲ. ಕೇಳ್ಲಿಕ್ಕತ್ತಿದ್ದೆ."

ಅವಳು ನನ್ನ ಕೈಗಳ ಕಡೆ ನೋಡಿದಳು. "ಹಂಗಿದ್ರ ಮುಂದಿನ ಸಲ ಮುಂದ ಕೂತು ಕೇಳ್ರಿ. ಕೈಯಾಗ ಏನೂ ಹಿಡ್ಕೋಬ್ಯಾಡ್ರಿ."

ಅಂದಿನಿಂದ ಅವಳ ಬೈಠಕ್ ಎಲ್ಲಿದ್ದರೂ ನಾನು ಮೊದಲ ಸಾಲಿನಲ್ಲಿ ಎರಡೂ ಕೈ ಕಟ್ಟಿಕೊಂಡು ಕೂಡುತ್ತೇನೆ. ಹೊಸಬರು ನೋಡಿ, "ಮಾಸ್ತರಿಗೆ ಸಂಗೀತದ ಮ್ಯಾಲ ಏನು ಭಕ್ತಿರೀ!" ಎನ್ನುತ್ತಾರೆ. ಹಳಬರು ಏನೂ ಅನ್ನುವುದಿಲ್ಲ. ತಂಬೂರಿಯನ್ನು ನನ್ನಿಂದ ಒಂದಿಷ್ಟು ದೂರ ಸರಿಸಿ ಇಡುತ್ತಾರೆ.